ವರ್ಷಕ್ಕೆ ಬರೀ ಇಂಟ್ ಸಾಕಾ, ಲಿಟರಲ್ ಬೇಕಾ? ಬಳಸಿದವರು ಹೇಳಿ

ಹಳೆಯ ಬಿಲ್ಲಿಂಗ್ ಕೋಡನ್ನು ಸಿ ಪ್ಲಸ್ ಪ್ಲಸ್ ಭಾಷೆಯ 20ನೇ ಆವೃತ್ತಿಗೆ (ಸಿ ಪ್ಲಸ್ ಪ್ಲಸ್ 20) ತರುತ್ತಿದ್ದೇವೆ. ಇಷ್ಟು ದಿನ ವರ್ಷ ಅಂದರೆ ಇಂಟ್, ಬರೀ ಪೂರ್ಣಾಂಕ. ಈಗ ಅದರ ಸಮಯ-ತಾರೀಖಿನ ಲೈಬ್ರರಿ ಕ್ರೋನೋದಲ್ಲಿ 2024ವೈ ಅಂತಲೇ, ಅಂದರೆ ಬಾಲ ಹಚ್ಚಿದ ಲಿಟರಲ್ (ಕೋಡಿನಲ್ಲಿ ನೇರವಾಗಿ ಬರೆದ ಬೆಲೆ) ಆಗಿ ಬರೆಯಬಹುದಲ್ವಾ. ಎಲ್ಲಾ ಕಡೆ ಬದಲಾಯಿಸುವಷ್ಟು ಲಾಭ ಇದೆಯಾ?

ಉತ್ತರ:
ಇದೆ. 2024/3/15 ಅಂತ ಬರೆದು ಆಟೋಗೆ (ಟೈಪನ್ನು ಕಂಪೈಲರೇ ತೀರ್ಮಾನಿಸುವ ವೇರಿಯೇಬಲ್‌ಗೆ) ಹಾಕಿ ನೋಡಿ, ಮಾರ್ಚ್ 15 ಬರುವುದಿಲ್ಲ, 44 ಬರುತ್ತದೆ. ಅದು ಸುಮ್ನೆ ಭಾಗಾಕಾರ. 2024ಕ್ಕೆ ವೈ ಅಂಟಿಸಿದರೆ ಅದೇ ಗೆರೆಗಳು ತಾರೀಖು ಕಟ್ಟಿಕೊಡುತ್ತವೆ. ನಮ್ಮ ರೂಢಿಯಂತೆ ದಿನ ಮೊದಲು ಬೇಕಾದರೆ 15ಡಿ/3/2024 ಕೂಡ ನಡೆಯುತ್ತದೆ.

ಉತ್ತರ:
ಮೇಲಿನವರು ಹೇಳಿದ್ದು ಸರಿ, ಆದರೆ ಲಿಟರಲ್ ಬಂತು ಅಂತ ಪೂರ್ತಿ ನಂಬಿ ಕೂರಬೇಡಿ. 24ವೈ ಅಂದರೆ ಕ್ರಿ.ಶ. 24, 2024 ಅಲ್ಲ. ಬೆಲೆ ಸರಿಯಿದೆಯಾ ಅಂತ ನೋಡುವ ಓಕೆ ಫಂಕ್ಷನ್ ಕೂಡ ಅದನ್ನು ಸರಿ ಅಂತಲೇ ಹೇಳುತ್ತದೆ, ಯಾಕಂದರೆ ಅದರ ಲೆಕ್ಕದಲ್ಲಿ ಮೈನಸ್ 32767ರಿಂದ 32767ರವರೆಗೆ ಎಲ್ಲವೂ ವರ್ಷವೇ. ಇನ್ನೊಂದು ಕಾಟ ಮುಂದಿನ ಸೊನ್ನೆಯದು. ನೋಡಲು ಚೆನ್ನಾಗಿರಲಿ ಅಂತ 08ಡಿ ಬರೆದರೆ ಕಂಪೈಲ್ ಆಗುವುದಿಲ್ಲ, ಸೊನ್ನೆಯಿಂದ ಶುರುವಾದರೆ ಆಕ್ಟಲ್ (ಎಂಟರ ಆಧಾರದ ಸಂಖ್ಯೆ), ಅಲ್ಲಿ 8 ಅನ್ನುವ ಅಂಕಿಯೇ ಇಲ್ಲ. ಎರರ್ ಬಂದರೆ ಪರವಾಗಿಲ್ಲ ಬಿಡಿ. 010ಡಿ ಮಾತ್ರ ತೆಪ್ಪಗೆ 8ನೇ ತಾರೀಖಾಗುತ್ತದೆ.

ಉತ್ತರ:
ಬಿಲ್ಲಿಂಗ್ ಅಂದಿರಲ್ವಾ, ಹಾಗಾದರೆ ಹಣಕಾಸು ವರ್ಷ ಬಂದೇ ಬರುತ್ತದೆ. 2024-25 ಅನ್ನುವುದನ್ನು ಕೋಡಿನಲ್ಲಿ ಹಾಗೇ ಬರೆದರೆ 1999! ಎರಡಕ್ಕೂ ವೈ ಹಚ್ಚಿದರೂ ಅಷ್ಟೇ, 1999 ವರ್ಷಗಳ ಅವಧಿ ಸಿಗುತ್ತದೆ. ಆದರೆ ಆಟೋ ಬಿಟ್ಟು ಇಯರ್ ಅಂತ ಟೈಪ್ ಬರೆದಿದ್ದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ನಾವು ಏಪ್ರಿಲ್ ಬರುವ ವರ್ಷ ಒಂದನ್ನೇ ಇಟ್ಟುಕೊಂಡು ಅದಕ್ಕೊಂದು ಬೇರೆ ಟೈಪ್ ಮಾಡಿಕೊಂಡಿದ್ದೇವೆ, ಜೊತೆಗೆ ನಮ್ಮದೇ ಲಿಟರಲ್. ಸ್ವಂತದ್ದಾದರೆ ಬಾಲ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು, ನೆನಪಿರಲಿ.

ಇದಕ್ಕಿಂತ ಜಾಸ್ತಿ ತಲೆ ತಿನ್ನುವುದು ಇಯರ್ ಮತ್ತು ಇಯರ್ಸ್. ಮೊದಲನೆಯದು ಕ್ಯಾಲೆಂಡರ್ ವರ್ಷ, ಎರಡನೆಯದು ಸರಾಸರಿ 365.2425 ದಿನಗಳ ಅವಧಿ. 2024ರ ಜನವರಿ 1ನ್ನು ಸಿಸ್ ಡೇಸ್ (ತಾರೀಖನ್ನು ದಿನಗಳ ಎಣಿಕೆಯಾಗಿ ಇಡುವ ಟೈಪ್) ಮಾಡಿಕೊಂಡು ಒಂದು ಇಯರ್ಸ್ ಕೂಡಿಸಿದರೆ ಬರುವುದು ಹೊಸ ವರ್ಷವಲ್ಲ, ಅದೇ ಡಿಸೆಂಬರ್ 31ರ ಬೆಳಗಿನ 5 ಗಂಟೆ 49 ನಿಮಿಷ 12 ಸೆಕೆಂಡು. ಹಾಗಾಗಿ ನವೀಕರಣದ ದಿನ ಲೆಕ್ಕ ಹಾಕುವಾಗ ವರ್ಷ, ತಿಂಗಳು, ದಿನ ಇರುವ ಟೈಪಿಗೇ ಕೂಡಿಸಿ. ಅಲ್ಲೂ 2024ರ ಫೆಬ್ರವರಿ 29ಕ್ಕೆ ಒಂದು ಇಯರ್ಸ್ ಸೇರಿಸಿದರೆ 2025ರ ಫೆಬ್ರವರಿ 29 ಬರುತ್ತದೆ, ಓಕೆ ಫಂಕ್ಷನ್ ಅದನ್ನು ತಪ್ಪು ಅನ್ನುತ್ತದೆ, ಸಿಸ್ ಡೇಸ್‌ಗೆ ತಿರುಗಿಸಿದರೆ ಮಾರ್ಚ್ 1. ಗ್ರಾಹಕರಿಗೆ 28 ಕೊಡಬೇಕಾ 1 ಕೊಡಬೇಕಾ ಅಂತ ನಿಮ್ಮ ಅಕೌಂಟ್ಸ್‌ನವರನ್ನೇ ಕೇಳಿ.

ಕೇಳಿದವರು:
ಥ್ಯಾಂಕ್ಸ್. ಸರ್ವರ್‌ನಲ್ಲಿ ಜಿಸಿಸಿ 9 ಕಂಪೈಲರ್ ಇದೆ, ನಡೆಯುತ್ತದಾ?

ಉತ್ತರ:
ಇಲ್ಲ, ಕ್ಯಾಲೆಂಡರ್ ಟೈಪುಗಳು ಬಂದಿದ್ದು 11ರಲ್ಲಿ. ಮೊದಲು ಕಂಪೈಲರ್ ಏರಿಸಿಕೊಳ್ಳಿ.