ನೀಲಿ ಪರದೆಯ 10 ಸೆಕೆಂಡು

ಶೀನ: ವಿಂಡೋಸ್ ಥರದ್ದೇ ಈ ಉಬುಂಟು ಲಿನಕ್ಸನ್ನ ಲ್ಯಾಪ್‌ಟಾಪ್‌ಗೆ ಹಾಕೋಕೆ ಅರ್ಧ ಗಂಟೆ, ವೈಫೈ ಹುಡುಕೋಕೆ ಅರ್ಧ ಆಯಸ್ಸು. ಇದಕ್ಕೆ ‘ಬಳಕೆದಾರ ಸ್ನೇಹಿ’ ಅಂತ ಬಿರುದು ಬೇರೆ!

ಪದ್ಮ: ಎಲ್ಲಾ ಲ್ಯಾಪ್‌ಟಾಪಲ್ಲೂ ಅಲ್ಲಪ್ಪ, ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಇರೋದ್ರಲ್ಲಿ ಈ ಗೋಳು ಜಾಸ್ತಿ. ‘ಅಡಿಷನಲ್ ಡ್ರೈವರ್ಸ್’ ತೆಗೆದು ಡ್ರೈವರ್, ಅಂದ್ರೆ ಆ ಚಿಪ್ ನಡೆಸೋ ತಂತ್ರಾಂಶ ಹಾಕ್ಬೇಕು.

ರಂಗ: ವೈಫೈ ಡ್ರೈವರ್ ಇಳಿಸೋಕೆ ನೆಟ್ ಬೇಕು, ನೆಟ್‌ಗೆ ವೈಫೈ ಬೇಕು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ!

ಪದ್ಮ: ಮೊಬೈಲನ್ನ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಹುಚ್ಚೂ ಬಿಡತ್ತೆ, ಮದುವೇನೂ ಆಗತ್ತೆ. ತಮಾಷೆ ಇರೋದು ಆಮೇಲೆ. ಸೆಕ್ಯೂರ್ ಬೂಟ್ (ಗುರುತಿಲ್ಲದ ಸಹಿಯ ತಂತ್ರಾಂಶನ ತಡೆಯೋ ಕಾವಲು) ಆನ್ ಇದ್ರೆ ಡ್ರೈವರ್ ಹಾಕುವಾಗ ಹೊಸದಾಗಿ ಒಂದು ಪಾಸ್‌ವರ್ಡ್ ಇಡು ಅನ್ನತ್ತೆ. ರೀಬೂಟ್ ಆದಾಗ ನೀಲಿ ಪರದೆ ಬಂದು, ಯಾವ್ದಾದ್ರೂ ಕೀ ಒತ್ತಿ ಅಂತ 10 ಸೆಕೆಂಡ್ ಕಾಯತ್ತೆ.

ಶೀನ: ಅಷ್ಟರಲ್ಲಿ ನನ್ನ ಕನ್ನಡಕಾನೂ ಸಿಗಲ್ಲ.

ಪದ್ಮ: ಒತ್ತಿದ್ರೆ ‘ಎನ್‌ರೋಲ್ ಮಾಕ್’ (ಮಾಕ್ ಅಂದ್ರೆ ಸಹಿ ಗುರುತಿಸೋಕೆ ಯಂತ್ರದ ಮಾಲೀಕ ಕೊಡೋ ಕೀ), ‘ಕಂಟಿನ್ಯೂ’, ‘ಯೆಸ್’, ಅದೇ ಪಾಸ್‌ವರ್ಡ್, ರೀಬೂಟ್. ಒತ್ತದಿದ್ರೆ ಬೈಯೋದೂ ಇಲ್ಲ, ಸುಮ್ನೆ ಬೂಟ್ ಆಗತ್ತೆ. ಆದ್ರೆ ಆ ಡ್ರೈವರ್ ಮೇಲಿನ ಸಹಿ ಉಬುಂಟುವಿನ ತಿರುಳಾದ ಕರ್ನೆಲ್‌ಗೆ ಗುರುತು ಸಿಗಲ್ಲ, ಒಳಗೆ ಬಿಡಲ್ಲ. ಆಗ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡೋ ಕಿಟಕಿ) ‘ಸುಡೋ ಮಾಕ್‌ಯುಟಿಲ್ --ಇಂಪೋರ್ಟ್’ ಅಂತ ಕೊಟ್ಟು, ಮುಂದೆ ‘ಶಿಮ್-ಸೈನ್ಡ್’ ಫೋಲ್ಡರಿನ ಮಾಕ್ ಕೀ ಫೈಲ್ ತೋರಿಸಿ, ಮತ್ತೆ ರೀಬೂಟ್. ಈ ಒಂದು ವಿಷಯಕ್ಕೆ ಶೀನನ ಬೈಗುಳ ನ್ಯಾಯವೇ. ಯಾಕೆ ಕೇಳ್ತಿದೀನಿ ಅಂತ ಆ ಪರದೆ ಒಂದು ಸಾಲಾದ್ರೂ ಹೇಳ್ಬಾರ್ದಾ?

ಶೀನ: ನನ್ನ ಉಬುಂಟುವಿನ ಟರ್ಮಿನಲ್ಲೂ ಅಷ್ಟೇ. ಪಾಸ್‌ವರ್ಡ್ ಕುಟ್ಟಿದ್ರೆ ಒಂದು ಚುಕ್ಕೀನೂ ಮೂಡಲ್ಲ.

ರಂಗ: ಮೂಡದಿದ್ರೂ ಅದಕ್ಕೆ ಕೇಳಿಸಿರತ್ತೆ, ಎಂಟರ್ ಒತ್ತು. ಹಾಡು, ವೀಡಿಯೊ, ಫಾಂಟ್‌ಗೆ ಬೇಕಾದ್ದು ತರೋ ‘ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್’ ಹಾಕುವಾಗ ಬರೋ ಫಾಂಟ್ ಕರಾರು ಪತ್ರಾನೂ ಹಂಗೇ, ಮೌಸ್‌ಗೆ ಜಪ್ಪಯ್ಯ ಅನ್ನಲ್ಲ. ಟ್ಯಾಬ್ ಒತ್ತಿ ‘ಓಕೆ’ ಮೇಲೆ ಹೋಗಿ ಎಂಟರ್.

ಶೀನ: ಕನ್ನಡ?

ಪದ್ಮ: ಓದೋಕೆ ‘ಫಾಂಟ್ಸ್-ಗುಬ್ಬಿ’, ‘ಫಾಂಟ್ಸ್-ನವಿಲು’. ಬರೆಯೋಕೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಐಬಸ್-ಎಂ17ಎನ್’. ಹಾಕಿದ ತಕ್ಷಣ ಪಟ್ಟೀಲಿ ಕಾಣಲ್ಲ. ಒಂದ್ಸಲ ಲಾಗೌಟ್ ಆಗಿ ಬಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್‌ನಲ್ಲಿ ಕನ್ನಡದ ‘ಕೆಜಿಪಿ’ (ಕನ್ನಡ ಗಣಕ ಪರಿಷತ್ತಿನ ಕೀಲಿ ವಿನ್ಯಾಸ) ಆರಿಸ್ಕೊ. ಸೂಪರ್ ಜೊತೆ ಸ್ಪೇಸ್ ಒತ್ತಿದ್ರೆ ಭಾಷೆ ಬದಲು. ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗಳಿಗೆ ಹೊಸದಾಗಿ ಕಲಿಯೋದೇನಿಲ್ಲ: ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದ್ರೆ ‘ಕನ್ನಡ’.

ರಂಗ: ಹಳೇ ನುಡಿ ಫೈಲ್ ತೆರೆದು, ಟೋಪಿ ಹಾಕ್ಕೊಂಡಿರೋ ಇಂಗ್ಲಿಷ್ ಅಕ್ಷರ ಕಂಡ್ರೆ ಲಿನಕ್ಸ್‌ನ ಬೈಬೇಡ. ಅದು ಯೂನಿಕೋಡ್ ಅಲ್ಲದ ಫೈಲು, ಪರಿವರ್ತಕದಲ್ಲಿ ಹಾಯಿಸ್ಬೇಕು.

ಶೀನ: ವಿಂಡೋಸೂ ಪಕ್ಕದಲ್ಲೇ ಇರತ್ತಲ್ಲ, ಜಗಳ ಆಡಲ್ವಾ?

ರಂಗ: ಗಡಿಯಾರಕ್ಕೆ ಆಡತ್ತೆ. ಉಬುಂಟು ಮದರ್‌ಬೋರ್ಡ್ ಗಡಿಯಾರಕ್ಕೆ ಯುಟಿಸಿ ಅನ್ನೋ ಜಾಗತಿಕ ಸಮಯ ಬರೆದಿಡತ್ತೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದತ್ತೆ. ಐದೂವರೆ ಗಂಟೆ ಹಿಂದೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಅಂದ್ರೆ ರಾಜಿ.

ಶೀನ: ಅಂದ್ರೆ ಮಧ್ಯಾಹ್ನ 12ಕ್ಕೆ ಎದ್ದು ನೋಡಿದ್ರೂ ಬೆಳಗ್ಗೆ 6:30? ಇದಪ್ಪ ಬಳಕೆದಾರ ಸ್ನೇಹಿ! ರಾಜಿ ಗೀಜಿ ಏನೂ ಬೇಡ.