ಅತ್ತೆಯ ಮೊರಾಕೊ ಪ್ರವಾಸ, ಚಿಕ್ಕಪ್ಪನ ಫಾರ್ವರ್ಡ್

ಚಿಕ್ಕಪ್ಪ: (ಫಾರ್ವರ್ಡ್) ಕಾಸಾಬ್ಲಾಂಕಾದ ಎರಡನೇ ಹಸನ್ ಮಸೀದಿ ಸಮುದ್ರದ ಮೇಲೆ ತೇಲುತ್ತಿದೆ. ಅದರ ಮಿನಾರು ಜಗತ್ತಿನಲ್ಲೇ ಎತ್ತರವಾದದ್ದು. ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶವಿಲ್ಲ.

ಚಿಕ್ಕಪ್ಪ: ಅಕ್ಕ, ಮುಂದಿನ ತಿಂಗಳು ಹೋದಾಗ ಇದನ್ನು ಹೊರಗಿನಿಂದಲೇ ನೋಡಿ ಬಾ.

ಅತ್ತೆ: ನಮ್ಮ ಪ್ರವಾಸದ ಪಟ್ಟಿಯಲ್ಲೂ ಅಲ್ಲಿ ಫೋಟೊ ತೆಗೆಯಲು ಅರ್ಧ ಗಂಟೆ ಎಂದಷ್ಟೇ ಬರೆದಿದ್ದಾರೆ.

ನಾನು: ಚಿಕ್ಕಪ್ಪ, ಬೇಸರ ಮಾಡಿಕೊಳ್ಳಬೇಡಿ, ಇದರಲ್ಲಿರುವ ಮೂರು ಮಾತೂ ತಪ್ಪು. ಎರಡು ವರ್ಷದ ಹಿಂದೆ ನಾನೇ ಟಿಕೆಟ್ ಕೊಂಡು, ಕಳಚಿದ ಚಪ್ಪಲಿಯನ್ನು ಚೀಲದಲ್ಲಿ ಹಿಡಿದುಕೊಂಡು, ಮಾರ್ಗದರ್ಶಕರ ಜೊತೆ ಒಳಗೆಲ್ಲ ನೋಡಿ ಬಂದಿದ್ದೇನೆ. ನಮಾಜಿನ ಹೊತ್ತು ಬಿಟ್ಟು ನಿಗದಿತ ವೇಳೆಯಲ್ಲಿ ಯಾವ ಧರ್ಮದವರಾದರೂ ಹೋಗಬಹುದು. ಮಿನಾರಿನ ಎತ್ತರ ಸುಮಾರು 210 ಮೀಟರ್. 1993ರಲ್ಲಿ ಮಸೀದಿ ಉದ್ಘಾಟನೆಯಾದಾಗ ಅದಕ್ಕಿಂತ ಎತ್ತರದ ಮಿನಾರು ಇರಲಿಲ್ಲ, ಈಗ ಅಲ್ಜೀರ್ಸ್ ನಗರದ ಹೊಸ ಮಸೀದಿಯ 265 ಮೀಟರ್ ಮಿನಾರು ಅದನ್ನು ಮೀರಿಸಿದೆ. ಮಸೀದಿ ತೇಲುತ್ತಿಲ್ಲ, ಅದರ ಒಂದು ಭಾಗ ಅಟ್ಲಾಂಟಿಕ್ ಸಾಗರದ ನೀರಿನ ಮೇಲೆ ಕಾಂಕ್ರೀಟಿನ ಆಧಾರದಲ್ಲಿ ನಿಂತಿದೆ.

ಚಿಕ್ಕಪ್ಪ: ದೇವರ ಸಿಂಹಾಸನ ನೀರಿನ ಮೇಲಿತ್ತು ಎಂಬ ಕುರಾನಿನ ಮಾತನ್ನು ಅನುಸರಿಸಿಯೇ ಮೊರಾಕೊದ ದೊರೆ ಎರಡನೇ ಹಸನ್ ಆ ಮಸೀದಿಯನ್ನು ಕಟ್ಟಿಸಿದ್ದು ಎಂದು ಓದಿದ್ದೇನೆ. ನೋಡುವವರಿಗೆ ತೇಲಿದಂತೆ ಕಂಡರೆ ಹಾಗೆ ಹೇಳುವುದರಲ್ಲಿ ತಪ್ಪೇನು? ಪ್ರವೇಶದ ವಿಷಯವೂ ಪೂರ್ತಿ ಸುಳ್ಳಲ್ಲ. ನನ್ನ ಸ್ನೇಹಿತರನ್ನು ಫೆಸ್ ಊರಿನ ಹಳೆಯ ಮಸೀದಿಯ ಬಾಗಿಲಲ್ಲೇ ನಿಲ್ಲಿಸಿದರಂತೆ.

ನಾನು: ಫೆಸ್‌ನ ಅಲ್-ಕರವಿಯ್ಯೀನ್ ಮಸೀದಿಯ ಮಟ್ಟಿಗೆ ಅದು ನಿಜ, ಮೊರಾಕೊದ ಹೆಚ್ಚಿನ ಮಸೀದಿಗಳಲ್ಲೂ ಅದೇ ಪದ್ಧತಿ. ಕಾಸಾಬ್ಲಾಂಕಾದ್ದು ಅದಕ್ಕೆ ಅಪವಾದವಾಗಿರುವುದರಿಂದಲೇ, ಅಲ್ಲಿಯವರೆಗೆ ಹೋದವರು ಬಾಗಿಲಲ್ಲಿ ಫೋಟೊ ತೆಗೆದು ಹಿಂತಿರುಗಬಾರದು ಎನ್ನುತ್ತಿದ್ದೇನೆ. ತೇಲುತ್ತದೆ ಎಂದಾಗ ಮರೆತುಹೋಗುವುದು ಉಪ್ಪುನೀರು: ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು, ಉದ್ಘಾಟನೆಯಾಗಿ ಹೆಚ್ಚುಕಡಿಮೆ ಹತ್ತೇ ವರ್ಷಕ್ಕೆ ದೊಡ್ಡ ದುರಸ್ತಿ ಬೇಕಾಯಿತು.

ಚಿಕ್ಕಪ್ಪ: ಅಷ್ಟು ಹಣ ಸುರಿದು, ಮತ್ತೆ ದುರಸ್ತಿಗೂ ಸುರಿಯುವ ಬದಲು ಆ ಊರಿನ ಬಡವರಿಗೆ ಮನೆ ಕಟ್ಟಿಸಬಹುದಿತ್ತು.

ನಾನು: ಈ ಮಾತಿಗೆ ನನ್ನ ವಿರೋಧವಿಲ್ಲ. ಜನರಿಂದ ವಂತಿಗೆ ಎತ್ತಿದಾಗ ಅಧಿಕಾರಿಗಳ ಒತ್ತಾಯವಿತ್ತು ಎಂಬ ದೂರು ಆಗಲೇ ಕೇಳಿಬಂದಿತ್ತು. ಆದರೆ ಒಳಗೆ ನಿಂತಾಗ ನನಗೆ ದೊರೆ ನೆನಪಾಗಲಿಲ್ಲ. ಅಟ್ಲಾಸ್ ಬೆಟ್ಟಗಳ ದೇವದಾರು ಮರದಲ್ಲಿ ಕೆತ್ತಿದ ಚಾವಣಿ, ಒಂದೊಂದೇ ಚೂರನ್ನು ಉಳಿಯಿಂದ ಕಡಿದು ಜೋಡಿಸಿದ ಝೆಲ್ಲಿಜ್ ಎಂಬ ಬಣ್ಣದ ಹೆಂಚಿನ ಚಿತ್ತಾರ, ಗಾರೆಯ ಮೇಲಿನ ಜಾಲರಿಯಂಥ ಕುಸುರಿ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ನೆಲಮಾಳಿಗೆಯ ವುಜೂ ಕೋಣೆಯಲ್ಲಿ ಹೂವಿನಂತೆ ಅರಳಿದ ಅಮೃತಶಿಲೆಯ ಕಾರಂಜಿಗಳು, ಇವೆಲ್ಲ ಸಾವಿರಾರು ಕುಶಲಕರ್ಮಿಗಳ ಕೈಕೆಲಸ. ನಡುವಿನ ಚಾವಣಿ ಪಕ್ಕಕ್ಕೆ ಸರಿದು ತೆರೆದುಕೊಳ್ಳುತ್ತದೆ. ಇಪ್ಪತ್ತೈದು ಸಾವಿರ ಜನ ಹಿಡಿಸುವ ಆ ಸಭಾಂಗಣದಲ್ಲಿ ನಾವು ಮೂವತ್ತು ಜನ ತಲೆಯೆತ್ತಿ ಸುಮ್ಮನೆ ನಿಂತಿದ್ದೆವು. ಅತ್ತೆ, ಹೊರಗಿನ ಫೋಟೊದಲ್ಲಿ ಇದ್ಯಾವುದೂ ಸಿಗುವುದಿಲ್ಲ.

ಚಿಕ್ಕಪ್ಪ: ಖರ್ಚಿನ ಬಗ್ಗೆ ನನ್ನ ಮಾತು ಬದಲಾಗದು. ಪ್ರವೇಶದ ವಿಷಯದಲ್ಲಿ ನಾನು ವಿಚಾರಿಸದೆ ಕಳಿಸಿದ್ದು ತಪ್ಪು, ಅದನ್ನು ಅಳಿಸುತ್ತೇನೆ.

ಅತ್ತೆ: ಸಂಜೆ ಪ್ರವಾಸದವರಿಗೆ ಫೋನ್ ಮಾಡುತ್ತೇನೆ. ಅವರು ಒಪ್ಪದಿದ್ದರೆ ಮಾರುಕಟ್ಟೆ ಸುತ್ತುವುದನ್ನು ಬಿಟ್ಟು ನಾನೇ ಟಿಕೆಟ್ ಕೊಂಡು ಹೋಗುತ್ತೇನೆ. ತಲೆಗೆ ಸೆರಗು ಹೊದೆಯಬೇಕೇನಪ್ಪ?

ನಾನು: ಪ್ರವಾಸಿಗರಿಗೆ ಅದು ಕಡ್ಡಾಯವಲ್ಲ, ಅತ್ತೆ. ಭುಜ, ಮಂಡಿ ಮುಚ್ಚಿದ್ದರೆ ಸಾಕು. ಶುಕ್ರವಾರ ಮಾತ್ರ ಬೇಡ, ಅಂದು ನೋಡಲು ಬಿಡುವ ಸಮಯ ಕಡಿಮೆ. ನೆಲ ತಣ್ಣಗಿರುತ್ತದೆ, ಒಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ.