‘ಬವಲ್ ಹ್ಯಾಬಿಟ್’: ಅಭ್ಯಾಸವೇ, ವಾಡಿಕೆಯೇ?

ಗೆಳೆಯರೇ,

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಬಳಗದವರು ಹಿರಿಯರಿಗಾಗಿ ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದರು. ಒಂದು ಪುಟದ ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ‘ಬವಲ್ ಹ್ಯಾಬಿಟ್’ ಎಂದಿದ್ದ ಕಡೆ ‘ಮಲವಿಸರ್ಜನೆಯ ಅಭ್ಯಾಸದಲ್ಲಿ ಅನಿರೀಕ್ಷಿತ ಬದಲಾವಣೆ ಆಗಿದೆಯೇ?’ ಎಂದು ಬರೆದು ಕೈತೊಳೆದುಕೊಂಡೆ. ಅದರ ಮೇಲಿನ ಪ್ರಶ್ನೆ ತಂಬಾಕಿನ ಅಭ್ಯಾಸದ್ದು. ಮಾಟುಂಗಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ನಲವತ್ತು ವರ್ಷ ಕುಳಿತಿದ್ದ ಕುಂದಾಪುರದ ಹಿರಿಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ನನ್ನತ್ತ ಸರಿಸಿದರು. “ಬೀಡಿ ಇಲ್ಲ, ಎಲೆಯಡಿಕೆ ಇಲ್ಲ. ಈ ಅಭ್ಯಾಸವೂ ನನಗಿಲ್ಲ ಮಾರಾಯರೇ” ಎಂದರು. ‘ಇಲ್ಲ’ ಎಂಬಲ್ಲಿ ಗುರುತೂ ಹಾಕಿದ್ದರು.

ಚಹಾ ಕುಡಿಯುವಾಗ ಅದೇ ಹಿರಿಯರು ಪಕ್ಕದವರ ಬಳಿ ಹೇಳುತ್ತಿದ್ದುದು ಕಿವಿಗೆ ಬಿತ್ತು: ಎರಡು ತಿಂಗಳಿಂದ ದಿನಕ್ಕೆ ನಾಲ್ಕು ಸಲ ಹೋಗುವಂತಾಗಿದೆ, ಹೋಗಿ ಬಂದರೂ ಹೊಟ್ಟೆ ಖಾಲಿಯಾದಂತೆ ಅನಿಸುವುದಿಲ್ಲ. ಅಂದರೆ ಪ್ರಶ್ನೆ ಹುಟ್ಟಿದ್ದೇ ಅವರಿಗಾಗಿ. ನನ್ನ ಕನ್ನಡ ಅದನ್ನು ಅವರಿಗೆ ತಲುಪಿಸಲಿಲ್ಲ.

ನಮ್ಮಲ್ಲಿ ಪದಗಳಿಗೆ ಬರವಿಲ್ಲ, ಆದರೆ ಎಲ್ಲವೂ ದಿಕ್ಕು ತೋರಿಸುವ ಪದಗಳು. ಹೊರಕಡೆ, ಕೆರೆಕಡೆ, ಬಯಲಕಡೆ, ಹಿತ್ತಲಕಡೆ. ಸಂಸ್ಕೃತದ ಮುಸುಕು ಹೊದ್ದ ‘ಬಹಿರ್ದೆಸೆ’ಯೂ ಹೊರದಿಕ್ಕೇ. ಮರಾಠಿಯವರ ‘ಪರಸಾಕಡೆ’ ನಮ್ಮ ಹಿತ್ತಲಕಡೆಯ ತದ್ರೂಪು: ಪರಸ ಎಂದರೆ ಹಿತ್ತಲು. ವಿಜಯಪುರದ ಕಡೆಯಿಂದ ಬಂದ ನಮ್ಮ ನೆರೆಯವರು ಹದಿನಾಲ್ಕನೆಯ ಮಹಡಿಯಲ್ಲಿದ್ದುಕೊಂಡು ಇಂದಿಗೂ ‘ಬಯಲಕಡೆ ಹೋಗಿ ಬಂದೆ’ ಎನ್ನುತ್ತಾರೆ. ಆ ಎತ್ತರದಿಂದ ಕಣ್ಣು ಹಾಯಿಸಿದಷ್ಟು ದೂರವೂ ಬಯಲಿಲ್ಲ. ದನಕ್ಕೆ ಸಗಣಿ, ಕುದುರೆಗೆ ಲದ್ದಿ, ಆಡಿಗೆ ಹಿಕ್ಕೆ ಎಂದು ನಾಚಿಕೆಯಿಲ್ಲದೆ ಹೆಸರಿಟ್ಟ ಭಾಷೆ ಮನುಷ್ಯನ ಸರದಿ ಬಂದಾಗ ದಿಕ್ಕು ತೋರಿಸಿ ಸುಮ್ಮನಾಗುತ್ತದೆ.

ತೊಂದರೆಯ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ‘ಜುಲಾಬು’ ಆದರೆ ರೋಗ, ತೆಗೆದುಕೊಂಡರೆ ಔಷಧ. ಮರಾಠಿಯಲ್ಲೂ ಹೀಗೆಯೇ. (ಮೂಲ ಪಾರ್ಸಿಯ ಗುಲಾಬ್, ಅಂದರೆ ಪನ್ನೀರು. ಅದು ಅರಬ್ಬಿಯ ಬಾಯಲ್ಲಿ ಜುಲಾಬ್ ಆಯಿತು. ನಮ್ಮ ಗುಲಾಬಿಗೂ ಜುಲಾಬಿಗೂ ಒಂದೇ ತವರು ಎಂದು ತಿಳಿದ ಮೇಲೆ ಹೂ ಮುಡಿಯುವವರನ್ನು ನೋಡಿದಾಗ ಒಮ್ಮೊಮ್ಮೆ ನಗು ಬರುತ್ತದೆ.) ‘ಭೇದಿಗೆ ಕೊಟ್ಟರು’ ಎಂಬುದು ಇನ್ನೂ ಅಪಾಯಕಾರಿ. ನನ್ನಜ್ಜಿ ಮಕ್ಕಳಿಗೆ ಭೇದಿಗೆ ಕೊಡುತ್ತಿದ್ದದ್ದು ಹರಳೆಣ್ಣೆ, ಭೇದಿಯಾಗಲಿ ಎಂದು. ಇಂದು ಔಷಧದಂಗಡಿಯಲ್ಲಿ ‘ಭೇದಿಗೆ ಮಾತ್ರೆ’ ಕೇಳಿದರೆ ಕೊಡುವುದು ಭೇದಿ ನಿಲ್ಲಿಸುವ ಮಾತ್ರೆ. ‘ಗೆ’ ಎಂಬ ಒಂದು ಪ್ರತ್ಯಯ ಬಾಗಿಲನ್ನು ಎರಡೂ ಕಡೆಗೆ ತೆರೆಯುತ್ತದೆ. ಹಿಂದಿಯ ಕಬ್ಜ್, ಅಂದರೆ ಮಲಬದ್ಧತೆ, ನಮ್ಮ ಜಮೀನು ‘ಕಬಜಾ’ದ ಒಡಹುಟ್ಟು. ಎರಡರ ಬೇರೂ ಹಿಡಿತವೇ.

ಹೆಚ್ಚಾದುದಕ್ಕೆ ಪದವಿದೆ, ಕಟ್ಟಿಕೊಂಡುದಕ್ಕೂ ಇದೆ. ಇಲ್ಲದಿರುವುದು ಒಬ್ಬೊಬ್ಬರ ಹೊಟ್ಟೆ ತಾನೇ ಹಾಕಿಕೊಂಡ ಲಯಕ್ಕೆ. ವೈದ್ಯರು ಕೇಳುವುದು ಅದನ್ನೇ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ದಿನ ಬಿಟ್ಟು ದಿನ ಹೋಗುತ್ತಿದ್ದವರು ದಿನಕ್ಕೆ ಮೂರು ಸಲ ಹೋಗತೊಡಗಿದರೆ ಆ ಲೆಕ್ಕದಲ್ಲಿ ಇನ್ನೂ ‘ಸಹಜ’ದೊಳಗೇ ಇರುತ್ತಾರೆ, ಆದರೆ ಅವರ ಮಟ್ಟಿಗೆ ಅದು ಬದಲಾವಣೆ. ಪ್ರಯಾಣ, ನೀರು, ಊಟ, ಹೊಸ ಮಾತ್ರೆ ಇವುಗಳಿಂದ ಆದದ್ದು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ. ಮೂರು ವಾರ ದಾಟಿದರೆ, ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಡಾಂಬರಿನಂತೆ ಕಪ್ಪಗೆ ಅಂಟಂಟಾದರೆ ತೋರಿಸಲೇಬೇಕು. ಕಬ್ಬಿಣಾಂಶದ ಮಾತ್ರೆ ನುಂಗುವವರಲ್ಲೂ ಬಣ್ಣ ಕಪ್ಪಾಗುತ್ತದೆ. ಹಾಗಾಗಿ ಪ್ರಶ್ನೆಯಲ್ಲಿ ಬರಿಯ ‘ಕಪ್ಪು’ ಸಾಲದು, ‘ಡಾಂಬರು’ ಎಂಬ ಪದ ಬೇಕೇ ಬೇಕು.

ನನಗೆ ದಾರಿ ತೋರಿಸಿದ್ದು ಹವಾಮಾನ ವರದಿ. ‘ಈ ಬಾರಿ ವಾಡಿಕೆಗಿಂತ ಹೆಚ್ಚು ಮಳೆ’ ಎಂದು ಪತ್ರಿಕೆ ಬರೆದರೆ ಯಾರೂ ತಡವರಿಸುವುದಿಲ್ಲ. ಆಗುಂಬೆಯ ವಾಡಿಕೆ ಬೇರೆ, ಚಳ್ಳಕೆರೆಯದು ಬೇರೆ ಎಂಬುದೂ ಆ ಪದದೊಳಗೇ ಇದೆ. ಅಭ್ಯಾಸ ನಾವು ಮಾಡಿಕೊಂಡದ್ದು, ವಾಡಿಕೆ ನಡೆದುಕೊಂಡು ಬಂದದ್ದು. ಪ್ರಶ್ನೆಯನ್ನು ‘ನಿಮ್ಮ ಹೊಟ್ಟೆಯ ವಾಡಿಕೆ ತಪ್ಪಿದೆಯೇ? ಯಾವಾಗಿನಿಂದ?’ ಎಂದು ತಿದ್ದಿ ಹಿರಿಯರನ್ನು ಮತ್ತೆ ಕೇಳಿದೆ. “ಶಿವರಾತ್ರಿಯಿಂದ” ಎಂಬ ಉತ್ತರ ತಟ್ಟನೆ ಬಂತು.

ಜೊತೆಗೆ, 1997ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ಪ್ರಕಟಿಸಿದ, ಮಲದ ರೂಪವನ್ನು ಏಳು ಬಗೆಯಾಗಿ ತೋರಿಸುವ ಚಿತ್ರಪಟವನ್ನೂ ಕನ್ನಡಿಸಬೇಕಾಗಿದೆ. ಮೊದಲನೆಯ ಬಗೆಗೆ, ಅಂದರೆ ಗಟ್ಟಿಯಾದ ಬಿಡಿ ಉಂಡೆಗಳಿಗೆ, ‘ಹಿಕ್ಕೆಯಂತೆ’ ಎಂದು ಬರೆದಿದ್ದೇನೆ. ಏಳನೆಯದು ಬರಿಯ ನೀರು. ಸಿಕ್ಕಿಕೊಂಡಿರುವುದು ಆರನೆಯದರಲ್ಲಿ: ಅಂಚು ಹರಿದ, ಮೆತ್ತಗಿನ ಮುದ್ದೆ. ‘ಅಂಬಲಿಯಂತೆ’ ಎಂದರೆ ತೀರಾ ತೆಳುವಾಗುತ್ತದೆ. ‘ಮುದ್ದೆ’ ಎಂದರೆ ಮಂಡ್ಯದವರು ನನ್ನನ್ನು ಬಿಡುವುದಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ: ಈ ಆರನೆಯದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ? ‘ತಿಂಗಳು ತಪ್ಪಿತು’ ಎಂಬ ಮಾತಿನ ನೆರಳು ‘ವಾಡಿಕೆ ತಪ್ಪಿದೆ’ ಎಂಬುದರ ಮೇಲೆ ಬಿದ್ದು ಹೆಂಗಸರಿಗೆ ಬೇರೆ ಅರ್ಥ ಹೊಳೆಯುತ್ತದೆಯೇ? ಹೊಳೆಯುವುದಾದರೆ ‘ಕೆಟ್ಟಿದೆ’ ಎನ್ನಬೇಕೇ, ‘ಬದಲಾಗಿದೆ’ ಸಾಕೇ? ಮುಂದಿನ ಭಾನುವಾರದ ತಪಾಸಣೆ ಪುಣೆಯಲ್ಲಿ. ಅಚ್ಚಿಗೆ ಹೋಗುವ ಮೊದಲು ತಿದ್ದಬಹುದು.